ಮಳೆ ಬರುವತನಕ ಗೋಕಾಕದ ಮಣ್ಣು

ಮೊನ್ನೆ ಗೋಕಾಕದಲ್ಲಿ ಬೀಗರ ಮನೆಯ ಊಟ ಮುಗಿಸಿ ಹೊರಟವನಿಗೆ ಕಾಲು ತಾನಾಗಿಯೇ ಹಳೇ ತಾಲೀಮಿನ ಓಣಿಗೆ ತಿರುಗಿತು. ತಾಲೀಮು ಅಂದರೆ ಗರಡಿಮನೆ, ನಮ್ಮ ಕಡೆ ಹಾಗೇ ಅನ್ನುವುದು. ಒಳಗೆ ಹುಡುಗರು ಕಣದ ಮಣ್ಣು ಹದ ಮಾಡುತ್ತಿದ್ದರು. ಕೆಂಪು ಮಣ್ಣಿಗೆ ಹುಳಿಮಜ್ಜಿಗೆ, ಅರಿಶಿನ, ಲಿಂಬೆರಸ, ಎಣ್ಣೆ ಹಾಕಿ ತುಳಿಯುವಾಗ ಏಳುವ ವಾಸನೆ ಬಾಗಿಲಾಚೆಗೇ ಬಂದು ನನ್ನನ್ನು ಹಿಡಿಯಿತು. ನನ್ನ ಕಿವಿ ನೋಡಿದ ಒಬ್ಬ ಹುಡುಗ ಹಳೇ ಪೈಲವಾನನೆಂದು ಗುರುತು ಹಿಡಿದ. ಮಣ್ಣಿನಲ್ಲಿ ಉಜ್ಜಿ ಉಜ್ಜಿ ಮುದುಡಿದ ಕಿವಿ ಮುಚ್ಚಿಟ್ಟರೂ ಮುಚ್ಚುವುದಿಲ್ಲ.

"ಬರ್ರಿ ಅಜ್ಜಾರ, ನಿಮ್ಮ ಕೈಲೆ ಒಂದ ಮುಟಿಗಿ ಮಣ್ಣ ಹಾಕ್ರಿ."

ಮುಟಿಗೆ ತುಂಬಿಕೊಂಡೆ. ಬಿಚ್ಚಲು ಆಗಲಿಲ್ಲ.

"ಯಾಕ್ರಿ ಅಜ್ಜಾರ, ಮಂತರಾ ಗಿಂತರಾ ಹೇಳಾಕತ್ತೀರೇನು?" ಎಂದು ಹುಡುಗರು ನಕ್ಕರು. ನಾನೂ ನಕ್ಕೆ. ಆದರೆ ಮುಟಿಗೆಯಲ್ಲಿದ್ದದ್ದು ಅವರ ಮಣ್ಣಾಗಿರಲಿಲ್ಲ. ಅದು ಭೀಮಶಿಯದು.

ದೂರದ ಯುದ್ಧದ ಬಿಸಿ ನಮ್ಮ ಕಣಜಕ್ಕೂ ತಟ್ಟಿದ್ದ ಕಾಲವದು. ರಾಶಿಯಾದ ಜೋಳದಲ್ಲಿ ಸರಕಾರ ಲೆವಿ ಎಂದು ತನ್ನ ಪಾಲು ಎತ್ತಿಕೊಂಡು ಹೋಗುತ್ತಿತ್ತು. ಪೇಟೆಯವರು ರೇಷನ್ನಿನ ಸಾಲಿನಲ್ಲಿ ನಿಂತು ಹುಳುಕು ಕಾಳು ತರುತ್ತಿದ್ದರು. ಬದಾಮು ಎಂಬುದೊಂದು ಇತ್ತೆಂದು ಪೈಲವಾನರು ಕತೆಯ ಹಾಗೆ ಮಾತಾಡಿಕೊಳ್ಳುತ್ತಿದ್ದರು. ಆದರೂ ಕುಸ್ತಿ ನಿಂತಿರಲಿಲ್ಲ. ಹೊಟ್ಟೆಗೆ ಕಡಿಮೆಯಾದಷ್ಟೂ ಜನಕ್ಕೆ ಗೆಲುವಿನ ಹಸಿವು ಹೆಚ್ಚುತ್ತದೋ ಏನೋ.

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೀಮುಗಳ ನಡುವೆ ಒಂದು ಪದ್ಧತಿಯಿತ್ತು. ದಸರೆಗೆ ಕುಸ್ತಿಯ ಹಂಗಾಮು ಶುರು, ಮೃಗಶಿರದ ಮಳೆಗೆ ಮುಕ್ತಾಯ. ನಡುಮಧ್ಯ ಸಂಕ್ರಮಣ. ಸಂಕ್ರಮಣ ಮುಗಿದ ಮೇಲೆ ಮೂವರೂ ವಸ್ತಾದರು, ಅಂದರೆ ತಾಲೀಮಿನ ಗುರುಗಳು, ಒಂದು ಕಡೆ ಕೂತು, ಅಲ್ಲಿಯತನಕದ ಕುಸ್ತಿಗಳನ್ನೆಲ್ಲ ತಿರುವಿ ಹಾಕಿ, ಯಾರು ಏರುತ್ತಿದ್ದಾನೆ, ಯಾರು ಇಳಿಯುತ್ತಿದ್ದಾನೆ ಎಂದು ತೂಗಿ, ಒಬ್ಬೊಬ್ಬ ಪೈಲವಾನನನ್ನು ಅದಲಬದಲು ಮಾಡಿಕೊಳ್ಳುತ್ತಿದ್ದರು. ಒಂದೇ ಕಣದಲ್ಲಿ ಅವರವರ ಕೂಡಲೇ ವರ್ಷಗಟ್ಟಲೆ ಹಿಡಿದಾಡಿದರೆ ಮೈ ಸೋಮಾರಿಯಾಗುತ್ತದೆ, ಹೊಸ ಕೈ ಬಿದ್ದರೆ ಮೈ ಕಣ್ಣು ತೆರೆಯುತ್ತದೆ ಎಂಬುದು ಹಿರಿಯರ ಲೆಕ್ಕ. ಬದಲಿಯಾಗಿ ಹೋಗುವವನು ತನ್ನ ಕಣದ ಮಣ್ಣನ್ನು ವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಹೋಗಿ ಹೊಸ ಕಣದಲ್ಲಿ ಬೆರೆಸಬೇಕು. ಬೆರೆಸಿದ ಗಳಿಗೆಯಿಂದ ಮಳೆ ಬರುವತನಕ ಅವನು ಆ ಊರಿನವನು. ಅವನ ಗೆಲುವು ಆ ಊರಿನದು, ಅವನ ಅನ್ನ ಆ ಊರಿನದು, ಅವನ ಮಾತೂ ಆ ಊರಿನದೇ.

ಆ ವರ್ಷ ವಸ್ತಾದರು ಕೂತದ್ದು ಘಟಪ್ರಭಾ ಸ್ಟೇಶನ್ನಿನ ಎದುರಿನ ಚಹಾದಂಗಡಿಯಲ್ಲಿ. ಹುಕ್ಕೇರಿಯ ವಸ್ತಾದ ಈರಪ್ಪ ನನ್ನ ಸ್ವಂತ ಕಾಕಾ, ಅಪ್ಪನ ತಮ್ಮ. ಗೋಕಾಕದವನು ಹುಸೇನಸಾಬ, ಗಡ್ಡ ಬೆಳ್ಳಗಾಗಿದ್ದರೂ ಕತ್ತು ಎತ್ತಿನದು. ಮೂಡಲಗಿಯ ವಸ್ತಾದನದು ನಗುಮುಖ. ನಾವು ಪೈಲವಾನರು ಕಂಬಳಿ ಹೊದ್ದು ಬೇವಿನ ಗಿಡದ ಕೆಳಗೆ, ಸಂತೆಗೆ ಬಂದ ಹೋರಿಗಳ ಹಾಗೆ ನಿಂತಿದ್ದೆವು.

"ನಮ್ಮ ರಂಗ್ಯಾ ಹ್ವಾದ ವರ್ಷ ಹುಲಿ ಇದ್ದಾ," ಎಂದ ಮೂಡಲಗಿಯವನು. "ಲಗ್ನಾತು. ಈಗ ಬೆಕ್ಕಾಗ್ಯಾನ."

"ಬೆಕ್ಕ ಆದ್ರ ನಮಗ ಬ್ಯಾಡಪಾ, ನಮ್ಮಲ್ಲಿ ಹಾಲ ಇಲ್ಲ," ಎಂದ ಹುಸೇನಸಾಬ. ಚಹಾದವನೂ ಸೇರಿ ಎಲ್ಲರೂ ನಕ್ಕರು.

ಆಮೇಲೆ ಹುಸೇನಸಾಬ ತನ್ನ ಹುಡುಗನನ್ನು ಮುಂದಕ್ಕೆ ಕರೆದ. ಕಂಬಳಿ ಸರಿದಾಗ ಎಲ್ಲರೂ ಮುಂದಕ್ಕೆ ಬಾಗಿದರು. ಮೈ ಇನ್ನೂ ಪೂರಾ ತುಂಬಿರಲಿಲ್ಲ, ತುಂಬಿದರೆ ಏನಾದೀತು ಎಂಬುದು ಮಾತ್ರ ಕುರುಡನಿಗೂ ಕಾಣುತ್ತಿತ್ತು. ಹೆಗಲಿನಿಂದ ಸೊಂಟದತನಕ ಒಂದೇ ಗೆರೆ. ಮೀಸೆ ಈಗಷ್ಟೇ ಚಿಗುರಿತ್ತು. ಅವನೇ ಭೀಮಶಿ.

"ಎರಡ ವರ್ಷ ತಡಕೊಂಡ ನೋಡ್ರಿ," ಎಂದ ಹುಸೇನಸಾಬ. "ಕೊಲ್ಲಾಪುರದಾವ್ರು ಬಂದ ಇವನ ಬಾಗಲಾ ಕಾಯ್ತಾರ."

ಕಾಕಾನ ಕಣ್ಣು ಹೊಳೆದವು. "ಅಂಥಾವನ್ನ ಯಾಕ ಬಿಡ್ತಿ ಸಾಬಾ?"

"ಉಣಸಾಕ ಆಗವಲ್ತೋ ಈರಪ್ಪಾ. ನಿಮ್ಮ ಊರಾಗ ಎಮ್ಮಿ ಅದಾವು, ಮಜ್ಜಿಗಿ ಐತಿ. ಮಳಿ ಬರೂತನಾ ಇಟಗೊಂಡ ತಿದ್ದಿ ಕೊಡು."

"ಬದಲಿ ಯಾರನ್ನ ಕೊಡ್ಲಿ?"

"ನೀನ ಹೇಳು."

ಕಾಕಾ ನನ್ನ ಕಡೆ ನೋಡಲೂ ಇಲ್ಲ. "ಶಿವಾನ್ನ ಒಯ್ಯಿ. ಮೈ ಗಟ್ಟಿ, ನಡತಿ ಗಟ್ಟಿ. ಖರೆ ಹೇಳ್ತೇನಿ, ಇಂವ ಏರೂದು ಮುಗದೈತಿ. ಎಲ್ಲಿ ಅದಾನೋ ಅಲ್ಲೇ ಇರಾಂವ."

ಜಗತ್ತಿನಲ್ಲಿ ಯಾರು ಬೇಕಾದರೂ ನನ್ನನ್ನು ಹೀಗೆ ತೂಗಿದ್ದರೆ ತಡೆದುಕೊಳ್ಳುತ್ತಿದ್ದೆ. ಲಂಗೋಟಿ ಕಟ್ಟುವುದನ್ನು ಕಲಿಸಿದವನೇ ತೂಗಿದ. ತೂಕ ಸರಿಯಾಗಿಯೇ ಇತ್ತು, ಅದೇ ನೋವು.

ಅವರವರ ಮಣ್ಣಿನ ಗಂಟು ಎತ್ತಿಕೊಂಡು ಹೊರಡುವುದಷ್ಟೇ ಉಳಿದಿತ್ತು. ಭೀಮಶಿ ನನ್ನ ಕಾಲು ಮುಟ್ಟಲು ಬಾಗಿದ. "ಅಣ್ಣಾ, ನಿಮ್ಮವ್ವ ಸಿಟ್ಟಿನಾಕಿ ಏನು?" ಎಂದು ಮೆಲ್ಲಗೆ ಕೇಳಿದ. ಅವನು ಉಣ್ಣಬೇಕಾದದ್ದು ನಮ್ಮ ಮನೆಯಲ್ಲಿಯೇ. "ಗಂಗಾಳದಾಗ ಬಿಟ್ಟರಷ್ಟ ಸಿಟ್ಟ," ಎಂದೆ. "ಹಂಗಾದ್ರ ನಾ ಬದುಕಿದೆ," ಎಂದು ನಕ್ಕ. ಅವನ ಮೇಲೆ ಹೊಟ್ಟೆಕಿಚ್ಚು ಪಡಬೇಕೆಂದು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ.

ಗೋಕಾಕದ ದಿನಗಳು ಗಿರಣಿಯ ಸೀಟಿಯಿಂದ ಶುರುವಾಗುತ್ತಿದ್ದವು. ಹುಸೇನಸಾಬನ ಪೈಲವಾನರು ಬಹುಪಾಲು ಗಿರಣಿಯ ಕೆಲಸಗಾರರು. ಪಾಳಿ ಮುಗಿಸಿ ಬರುವಾಗ ಹುಬ್ಬಿಗೆ, ಮೀಸೆಗೆ ಅರಳೆಯ ಎಳೆ ಅಂಟಿಕೊಂಡು ಎಲ್ಲರೂ ಅಕಾಲಕ್ಕೆ ಮುದುಕರಾದಂತೆ ಕಾಣುತ್ತಿದ್ದರು. ಜೋರು ಹೊಡೆಯುವಾಗ, ಅಂದರೆ ಜೋಡಿ ಹಿಡಿದು ಕುಸ್ತಿಯ ಅಭ್ಯಾಸ ಮಾಡುವಾಗ, ಎದೆಯೊಳಗಿಂದ ಸೀಟಿಯಂಥ ಉಸಿರು. ಖುರಾಕು ಅಂದರೆ ನೆನೆಸಿದ ಕಡಲೆ, ಅದೂ ಇದ್ದ ದಿನ. ಒಬ್ಬ ಪೈಲವಾನ ಅಂಗಾತ ಬಿದ್ದರೆ ಏಳಲು ಮನಸ್ಸಿಲ್ಲದೆ ಹಾಗೇ ಆಕಾಶ ನೋಡುತ್ತ ಮಲಗಿರುತ್ತಿದ್ದ. ಹುಸೇನಸಾಬ ಬಯ್ಯುತ್ತಿರಲಿಲ್ಲ. ಕಾಲಿನಿಂದ ಮಣ್ಣು ಸರಿಸಿ ಅವನ ಹೊಟ್ಟೆಯ ಮೇಲೆ ಹಾಕಿ, "ಮಲ್ಕೋ ಮಗನ, ಬೆಚ್ಚಗಿರತೈತಿ," ಎನ್ನುತ್ತಿದ್ದ.

ನನ್ನ ಜೋಡಿ ರಾಮ ಎಂಬ ಗಿರಣಿಯ ಹುಡುಗ, ಮಾತಿನ ಮಲ್ಲ. ಒಂದು ಮುಂಜಾನೆ ಹೊಳೆಯಲ್ಲಿ ಮೈಯ ಮಣ್ಣು ತೊಳೆಯುವಾಗ ನಾನು ಸುಮ್ಮನೆ, "ನಿಮ್ಮ ಭೀಮಶಿ ಇದ್ದಿದ್ರ ಈ ವರ್ಷ ನೀವ ಮುಂದ ಇರ್ತಿದ್ರಿ," ಎಂದೆ.

ರಾಮ ನೀರು ತುಂಬಿದ ತಂಬಿಗೆಯನ್ನು ಎಡಗೈಯಲ್ಲಿ ಹಿಡಿದು ತೋರಿಸಿದ. "ಇಷ್ಟ ಮಾಡಾಕ ಬರೂದಿಲ್ಲ ಅವಂಗ."

"ಅಂದ್ರ?"

"ದೀಪಾವಳಿ ಮುಂದ ಸ್ಟೇಶನ್ನ್ಯಾಗ ಹತ್ತಿ ದಿಂಡ ಹೊರಾಕ ಹೋಗಿದ್ದಾ. ಮ್ಯಾಲಿಂದ ಒಂದ ದಿಂಡ ಉರುಳಿ ಕುತ್ತಿಗಿ ಮ್ಯಾಲ ಬಿತ್ತು. ಎದ್ದಾ, ನಡದಾ, ಉಂಡಾ, ಎಲ್ಲಾ ಸರಿ. ಆದ್ರ ಎಡಗೈಯಾಗ ಜೀವಾ ಬರ್ತೈತಿ ಹೋಗ್ತೈತಿ. ಹಕೀಮ ಏನಂದ ಗೊತ್ತೈತೇನು? ಇನ್ನೊಂದ ಸರ್ತಿ ಕುತ್ತಿಗಿಗೆ ಪೆಟ್ಟ ಬಿದ್ರ ಹುಡುಗ ಮುಗದಾ ಅಂದಾ."

"ವಸ್ತಾದಗ ಗೊತ್ತೈತೇನು?"

ರಾಮ ನನ್ನನ್ನು ಹಳ್ಳಿಯವನನ್ನು ನೋಡುವ ಹಾಗೆ ನೋಡಿದ. "ಗೊತ್ತಿದ್ದದ್ದಕ್ಕ ನೀ ಇಲ್ಲಿ ಬಂದೀದಿ."

ಸಂಜೆ ಹುಸೇನಸಾಬನನ್ನು ಕೇಳಿದೆ. ಅವನು ಸುಳ್ಳು ಹೇಳಲಿಲ್ಲ. ದೀಪದ ಬತ್ತಿ ಸರಿಮಾಡುತ್ತ, "ಸಂತ್ಯಾಗ ಎತ್ತಿನ ಹಲ್ಲ ತೋರಸ್ತಾರ ಶಿವಾ, ಗಾಯಾ ತೋರಸೂದಿಲ್ಲ," ಎಂದ. ಬತ್ತಿ ಬಿಟ್ಟು ನನ್ನ ಕಡೆ ತಿರುಗಿದ. "ಇಲ್ಲಿದ್ರ ದಿನಾ ದಿಂಡ ಹೊರತಿದ್ದಾ. ಅಲ್ಲಿ ಹಾಲ ಕುಡದ ಮಲಗ್ಲಿ ಅಂದಕೊಂಡೆ. ಈರಪ್ಪ ಹಂಗಾಮದಾಗ ಅವನ್ನ ಇಳಸೂದಿಲ್ಲ, ಮುಂದಿನ ವರ್ಷಕ್ಕ ಕಾಯಸ್ತಾನ ಅಂದಕೊಂಡೆ."

"ಕಾಕಾ ಕಾಯಾಂವಲ್ರಿ."

"ಅಂದಕೊಂಡೆ ಅಂದೆ," ಎಂದ ಹುಸೇನಸಾಬ.

ಮರುದಿನವೇ ಹುಕ್ಕೇರಿಗೆ ಹೊರಟೆ. ಘಟಪ್ರಭಾದತನಕ ಬೆಲ್ಲದ ಗಾಡಿ ಸಿಕ್ಕಿತು, ಅಲ್ಲಿಂದ ಕಾಲುನಡಿಗೆ. ಹೊಲದಲ್ಲಿ ಜೋಳ ಕೊಯ್ದು ಬರೀ ಕೂಳೆ ನಿಂತಿತ್ತು, ಬಿಸಿಲು ಅದರ ಮೇಲೆ ನಡುಗುತ್ತಿತ್ತು. ಮನೆ ಮುಟ್ಟಿದಾಗ ಅವ್ವ ಹೊರಗೆ ಬಂದಳು. ಬಂದವಳು ನನ್ನ ಕೃಶವಾದ ಮುಖದ ಬಗ್ಗೆ ಒಂದು ಮಾತೂ ಆಡಲಿಲ್ಲ. ಒಳಗೆ ಕರೆದು ಮೆಲ್ಲಗೆ ಅಂದಳು:

"ಯಪ್ಪಾ, ಆ ಹುಡುಗನ ಎಡಗೈಯಾಗ ಏನೋ ಆಗೇತಿ. ಮೂರ ಸರ್ತಿ ವಾಟಗಾ ಕೈ ಬಿಟ್ಟಾ. ಬಿದ್ದದ್ದು ಅವಂಗ ಗೊತ್ತಾಗಿದ್ದು ಸಪ್ಪಳ ಆದಮ್ಯಾಲ."

ಕಾಕಾ ತಾಲೀಮಿನ ಕಟ್ಟೆಯ ಮೇಲೆ ಕೂತಿದ್ದ. ಎಲ್ಲ ಹೇಳಿದೆ. ದಿಂಡು, ಹಕೀಮ, ತಂಬಿಗೆ, ಅವ್ವ ಕಂಡದ್ದು. ಅವನು ಎಲೆಗೆ ಸುಣ್ಣ ಹಚ್ಚುತ್ತ ಪೂರಾ ಕೇಳಿಸಿಕೊಂಡ.

"ಛಲೋ ಕಲಸಿ ಕಳಿಸ್ಯಾನ ಸಾಬ," ಎಂದ.

"ಕಾಕಾ, ಖರೆ ಹೇಳಾಕತ್ತೇನಿ."

"ನಮ್ಮ ಹುಡುಗ ಏರಾಕತ್ತಾನ. ಬಂದಾಗಿಂದ ಒಬ್ಬಂಗೂ ಬೆನ್ನ ತೋರಸಿಲ್ಲ. ಮೂಡಲಗಿ ಕುಸ್ತಿ ಮೈದಾನಕ್ಕ ಕೊಲ್ಲಾಪುರದಾವ್ರು ಬರ್ತಾರ. ಈಗ ಗೋಕಾಕದಿಂದ ಸುದ್ದಿ ಬರ್ತೈತಿ, ಕುತ್ತಿಗಿ ಸರಿ ಇಲ್ಲ, ಇಳಸಬ್ಯಾಡ್ರಿ ಅಂತ. ನಾ ಏನ ನಿನ್ನೆ ಹುಟ್ಟೇನೇನು?"

"ನಾ ನಿನ್ನ ಅಣ್ಣನ ಮಗಾ."

"ಮನ್ಯಾಗ ಅಣ್ಣನ ಮಗಾ. ಕಣದಾಗ ಸಾಬನ ಶಿಷ್ಯಾ. ಮಣ್ಣ ಬೆರಸಿ ಬಂದೀದಿ ಶಿವಾ. ಮಳಿ ಬರೂತನಾ ನಿನ್ನ ಬಾಯಾಗಿಂದ ಬರೂದು ಗೋಕಾಕದ ಮಾತು."

ಪೂರ್ತಿ ಕಿವುಡನೇನೂ ಆಗಿರಲಿಲ್ಲ ಅವನು. ನನ್ನೆದುರಿಗೇ ಭೀಮಶಿಯನ್ನು ಕರೆದು ಕೂರಿಸಿ, ಕುತ್ತಿಗೆಯ ಎಡಬದಿಗೆ ಹೆಬ್ಬೆರಳು ಊರಿ ಬಲವೆಲ್ಲ ಹಾಕಿ ಒತ್ತಿದ. ಎತ್ತಾದರೂ ಕೊಸರಿಕೊಳ್ಳುವಂಥ ಒತ್ತು. ಭೀಮಶಿಯ ರೆಪ್ಪೆ ಕೂಡ ಅಲುಗಲಿಲ್ಲ.

"ನೋವೈತೇನು?"

"ಇಲ್ರಿ."

"ನೋಡ," ಎಂದು ಕಾಕಾ ನನ್ನ ಕಡೆ ತಿರುಗಿದ. "ಕಲ್ಲ ಐತಿ ಕಲ್ಲ."

ನೋವು ಇಲ್ಲದ್ದೇ ರೋಗ ಎಂದು ನಾನು ಕೂಗಿದೆ. ಸುತ್ತಲಿದ್ದ ಪೈಲವಾನರು ನಕ್ಕರು. ನಮ್ಮ ಹೊಲದ ಬದುವಿನಲ್ಲಿ ಆಡಿ ಬೆಳೆದವರೇ "ಗೋಕಾಕದಾವ್ರ ವಕೀಲ ಬಂದಾನ" ಎಂದರು.

ಭೀಮಶಿ ಬಾವಿಯತನಕ ನನ್ನ ಬೆನ್ನಿಗೆ ಬಂದ. "ಅಣ್ಣಾ, ಕೈ ಮುಗೀತೇನಿ, ಸುಮ್ಮನಿರು. ಮನ್ಯಾಗ ನಾ ಉಂಡ್ರ ನಮ್ಮವ್ವಗ ಉಳಿಯೂದಿಲ್ಲ, ಆಕಿ ಉಂಡ್ರ ತಂಗಿಗೆ ಉಳಿಯೂದಿಲ್ಲ. ಕೊಲ್ಲಾಪುರದಾವ್ರು ಒಯ್ದ್ರ ಅಲ್ಲೇ ಊಟಾ, ಅಲ್ಲೇ ಹಾಲ. ಒಂದ ಬಾಯಿ ಕಡಿಮಿ ಆಕ್ಕೈತಿ."

"ಕುತ್ತಿಗಿ ಹ್ವಾದ್ರ?"

"ಮೂಡಲಗಿ ಒಂದ ದಾಟಸ್ತೇನಿ. ಆಮ್ಯಾಲ ಅವರ ದೊಡ್ಡ ವೈದ್ಯರು ಇರ್ತಾರಂತಲ್ಲ, ಅವರಿಗೆ ತೋರಸ್ತೇನಿ." ಬಾವಿಯ ಹಗ್ಗವನ್ನು ಬಲಗೈಯಿಂದ ಎಳೆದು, ಎಡ ಮೊಳಕೈಯ ಸಂದಿಯಲ್ಲಿ ಸಿಗಿಸಿ ಹಿಡಿದ. ಆ ಉಪಾಯ ಅವನಿಗೆ ಎಷ್ಟು ರೂಢಿಯಾಗಿತ್ತೆಂದರೆ, ಗೊತ್ತಿಲ್ಲದವರು ಅದನ್ನು ಅವನ ಠೀವಿ ಅಂದುಕೊಳ್ಳುತ್ತಿದ್ದರು.

ಮೂಡಲಗಿಯ ಮೈದಾನ ಯುಗಾದಿ ಕಳೆದ ಮೇಲೆ. ಬಿಸಿಲು ಹಲಗೆಯ ಚರ್ಮದ ಹಾಗೆ ಬಿಗಿದಿತ್ತು. ಹೊಲದ ನಡುವೆ ಕೆಂಪು ಮಣ್ಣು ಸುರುವಿ ಕಣ ಮಾಡಿದ್ದರು. ಗಾಡಿಗಳ ಮೇಲೆ, ಗಿಡಗಳ ಮೇಲೆ ಜನವೋ ಜನ. ಸೊರಗಿದ ಮುಖಗಳೆಲ್ಲ ಅಂದು ಉಂಡವರ ಹಾಗೆ ಹೊಳೆಯುತ್ತಿದ್ದವು. ಕೊಲ್ಲಾಪುರದ ಇಬ್ಬರು ಹಿರಿಯ ವಸ್ತಾದರು ಪಟಗಾ ಸುತ್ತಿಕೊಂಡು ಗಾದಿಯ ಮೇಲೆ ಕೂತಿದ್ದರು. ಅವರ ಕೂಡ ಒಬ್ಬ ಪೈಲವಾನ, ಗುಡ್ಡದಂಥವನು. ಮೂರು ಊರಿನವರಲ್ಲಿ ಕಡೆಗೆ ಉಳಿದವನು ಅವನ ಕೂಡ ಹಿಡಿಯಬೇಕು. ಅವನೆದುರು ಸೋತರೂ ಚಿಂತೆಯಿಲ್ಲ, ಚೆನ್ನಾಗಿ ನಿಂತರೆ ಕೊಲ್ಲಾಪುರಕ್ಕೆ ಕರೆದೊಯ್ಯುತ್ತಾರೆ.

ಜೋಡಿ ಹಚ್ಚುವುದು ಮೂಡಲಗಿಯ ವಸ್ತಾದನ ಕೆಲಸ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಉಳಿದವರು ಇಬ್ಬರೇ. ಹುಕ್ಕೇರಿಯ ಪರ ಭೀಮಶಿ, ಗೋಕಾಕದ ಪರ ನಾನು. ಏರುವುದು ಮುಗಿದಿದೆ ಎಂದು ಕಾಕಾ ಕೊಟ್ಟುಬಿಟ್ಟಿದ್ದ ನಾನು ಹೊಸ ಕೈ ಬಿದ್ದು ಅಷ್ಟೆತ್ತರ ಏರಿದ್ದೆ. ಬೇರೆ ದಿನವಾಗಿದ್ದರೆ ಕಾಕಾನ ಮುಖ ನೋಡಿ ಹಿಗ್ಗುತ್ತಿದ್ದೆ.

ಹುಸೇನಸಾಬ ನನ್ನ ಬೆನ್ನಿಗೆ ಮಣ್ಣು ಸವರುತ್ತ ಕಿವಿಯಲ್ಲಿ, "ನಿನಗ ಎಲ್ಲಾ ಗೊತ್ತೈತಿ," ಎಂದ. ಕುತ್ತಿಗೆ ಹಿಡಿ ಎಂದನೋ, ಹಿಡಿಯಬೇಡ ಎಂದನೋ. ಈವತ್ತಿಗೂ ನನಗೆ ತಿಳಿದಿಲ್ಲ.

ಕೈ ಕೂಡಿಸಿದೆವು. ಭೀಮಶಿ ಮಿಂಚಿನ ಹಾಗೆ ಒಳಗೆ ಬಂದ. ಬಂದಾಗ ತಲೆ ತಗ್ಗಿ ಅವನ ಕುತ್ತಿಗೆ ನನ್ನ ಕಂಕುಳಿಗೆ ತಾನಾಗಿ ಸಿಕ್ಕಿತು. ಜನ ಎದ್ದು ನಿಂತರು. ಆ ಹಿಡಿತದಿಂದ ಯಾವ ಪೈಲವಾನನೂ ಗೆಲ್ಲದೆ ಬಿಡುವುದಿಲ್ಲ. ನನ್ನ ತೋಳಿನ ಕೆಳಗೆ ಅವನ ಉಸಿರು ಬಿಸಿಯಾಗಿ ಬಡಿಯುತ್ತಿತ್ತು. ಎಡಗೈ ನನ್ನ ಸೊಂಟದ ಮೇಲೆ ಸತ್ತ ಹಕ್ಕಿಯ ಹಾಗೆ ಜೋತುಬಿದ್ದಿತ್ತು.

ತೋಳು ಸಡಿಲ ಬಿಟ್ಟೆ.

ಅವನು ಹೊರಳಿ, ಕಾಲು ಸಿಗಿಸಿ ಕೆಡವಿದ. ಎರಡೂ ಹೆಗಲು ಮಣ್ಣಿಗೆ ತಾಗಿದವು. ಆಕಾಶ ಕಂಡಿತು. ಜೊತೆಗೇ ಜನರ ಕೂಗು ಕೇಳಿಸಿತು: "ನೂರಾ ಕುಸ್ತಿ! ನೂರಾ ಕುಸ್ತಿ!" ಮೊದಲೇ ಮಾತಾಡಿಕೊಂಡು ಸೋಲುವ ಕಳ್ಳ ಕುಸ್ತಿಗೆ ನಮ್ಮ ಕಡೆ ಹಾಗನ್ನುತ್ತಾರೆ. ಹೆಂಟೆಗಳು ಬಿದ್ದವು. ಗೋಕಾಕದವರು ನನ್ನನ್ನು ಹುಕ್ಕೇರಿಯವನು ಎಂದರು, ಹುಕ್ಕೇರಿಯವರು ಗೋಕಾಕದವನು ಎಂದರು. ಹೆಂಟೆಗಿಂತ ಆ ಮಾತು ಗಟ್ಟಿಯಾಗಿ ತಾಗಿತು.

ಅವನನ್ನು ಉಳಿಸಿದೆ ಎಂದುಕೊಂಡಿದ್ದೆ. ನಾನು ಸೋತದ್ದರಿಂದ ಅವನು ಗುಡ್ಡದೆದುರು ಹೋಗಿ ನಿಂತ ಎಂಬುದು ಹೊಳೆಯುವಷ್ಟರಲ್ಲಿ ಹಲಗೆಯ ಸಪ್ಪಳ ಎದ್ದಿತ್ತು. ಕಣಕ್ಕೆ ನುಗ್ಗಿದೆ, ಜನ ಹಿಡಿದು ಎಳೆದರು. "ಸೋತಾಂವ ಸರಿ ಬಾಜೂಕ!" ಎಂದರು. "ಕುತ್ತಿಗಿ! ಕುತ್ತಿಗಿ!" ಎಂದು ಕೂಗಿದೆ. ಕುತ್ತಿಗೆ ಹಿಡಿ ಎಂದು ಹುರಿದುಂಬಿಸುತ್ತಿದ್ದಾನೆ ಎಂದುಕೊಂಡು ನಾಕು ಮಂದಿ ತಾವೂ ದನಿಗೂಡಿಸಿದರು.

ಕೊಲ್ಲಾಪುರದವನದು ಏನೂ ತಪ್ಪಿಲ್ಲ. ಯಾರಾದರೂ ಮಾಡುವುದನ್ನೇ ಮಾಡಿದ. ಭೀಮಶಿ ನೆಲಕ್ಕೆ ಅಂಟಿ ಕೂತಾಗ ಮೇಲೆ ಏರಿ, ಮೊಳಕೈಯನ್ನು ಕುತ್ತಿಗೆಗೆ ಊರಿ ಮೈಭಾರ ಬಿಟ್ಟ. ಸಪ್ಪಳವೇನೂ ಆಗಲಿಲ್ಲ. ಭೀಮಶಿ ಮುಖ ಮಣ್ಣಿಗೆ ಹಚ್ಚಿ ಮಲಗಿದ. ತಿರುವಿ ಹಾಕಿದಾಗ ಕಣ್ಣು ತೆರೆದೇ ಇದ್ದವು.

"ಏಳ್ತೇನ್ರಿ," ಎಂದ. "ತಡೀರಿ, ಏಳ್ತೇನಿ."

ಏಳಲಿಲ್ಲ.

ಕೊಲ್ಲಾಪುರದ ಹಿರಿಯರು ಪಟಗಾ ತೆಗೆದು ಎದ್ದು ನಿಂತರು. ಹುಸೇನಸಾಬ ಓಡಿಬಂದು ಹುಡುಗನ ತಲೆ ತೊಡೆಯ ಮೇಲೆ ಇಟ್ಟುಕೊಂಡು, "ನಮ್ಮ ಊರಿಗೆ ಒಯ್ತೇನಿ," ಎಂದ. ಕಾಕಾ ಅಡ್ಡ ನಿಂತ. ಅವನ ತುಟಿ ಬಿಳಿಚಿತ್ತು. "ಇಲ್ಲ ಸಾಬಾ. ಮಳಿ ಬರೂತನಾ ನಮ್ಮಂವ." ಇಬ್ಬರು ಮುದುಕರೂ ಆ ಮೈದಾನದಲ್ಲಿ ಒಬ್ಬರ ಮುಖ ಒಬ್ಬರು ನೋಡಲಾರದೆ, ಒಂದೇ ಹುಡುಗನ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು.

ದವಾಖಾನೆಗೆ ಒಯ್ದರು. ಅಲ್ಲಿಯ ಡಾಕ್ಟರು ಮನೆಗೆ ಒಯ್ಯಿರಿ ಎಂದರು. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಹುಕ್ಕೇರಿಗೆ ತಂದರು. ನಮ್ಮ ಪಡಸಾಲೆಯೇ ಅವನ ಜಾಗವಾಯಿತು. ಅವನ ತಾಯಿ ನೀಲವ್ವ ನಡೆದುಕೊಂಡು ಬಂದಳು, ಬಂದವಳು ಉಳಿದಳು. ಅವಳೂ ನಮ್ಮವ್ವನೂ ಪಾಳಿಯ ಮೇಲೆ ಅವನಿಗೆ ನುಚ್ಚು ಕುಡಿಸುತ್ತಿದ್ದರು. ಇದೆಲ್ಲ ನಾನು ಕೇಳಿ ತಿಳಿದದ್ದು. ಗೋಕಾಕದ ಮಣ್ಣಾದ ನನ್ನನ್ನು ಕಾಕಾ ಹೊಸ್ತಿಲು ಹತ್ತಗೊಡಲಿಲ್ಲ. ಗೋಕಾಕದಲ್ಲಿ ಯಾರೂ ನನ್ನ ಜೋಡಿಯಾಗಲಿಲ್ಲ. ಹುಸೇನಸಾಬ ತಾಲೀಮಿಗೆ ಬರುವುದನ್ನೇ ಬಿಟ್ಟ. ಒಬ್ಬನೇ ಕಣ ಅಗೆಯುತ್ತಿದ್ದೆ, ಒಬ್ಬನೇ ತುಳಿಯುತ್ತಿದ್ದೆ, ಒಬ್ಬನೇ ಮಳೆಯ ದಾರಿ ಕಾಯುತ್ತಿದ್ದೆ. ಒಂದು ಮುಂಗಾರನ್ನು ಯಾವ ರೈತನೂ ಹಾಗೆ ಕಾದಿರಲಿಕ್ಕಿಲ್ಲ.

ಮೃಗಶಿರ ಒಂದು ಮಧ್ಯಾಹ್ನ ಇಳಿಯಿತು. ಗೋಕಾಕದ ಕಣದಿಂದ ಮಣ್ಣು ತುಂಬಿ ಗಂಟು ಕಟ್ಟಿಕೊಂಡು ಮಳೆಯಲ್ಲೇ ಹೊರಟೆ. ಗಂಟು ನೆನೆಯದಂತೆ ಎದೆಗೆ ಹಿಡಿದು, ಮೇಲೆ ಕಂಬಳಿ ಹೊದ್ದಿದ್ದೆ.

ಕಾಕಾ ಹೊಸ್ತಿಲಲ್ಲಿ ಕೂತಿದ್ದ. ಒಂದೇ ಹಂಗಾಮಿನಲ್ಲಿ ಕುಗ್ಗಿ ಸಣ್ಣವನಾಗಿದ್ದ. ನನ್ನ ಕಾಲಿನಿಂದ ಇಳಿಯುವ ನೀರು ನೋಡುತ್ತ ಕೇಳಿದ:

"ಮಳಿ ಬಂತು. ಈಗ ನೀ ನಮ್ಮಂವ. ಈಗ ಹೇಳು ಶಿವಾ. ಅವತ್ತ ನೀ ಅಂದದ್ದು ಖರೇನಾ?"

"ಖರೆ ಕಾಕಾ."

ಅವನು ತಲೆಯಾಡಿಸಿದ. ಸರಿದು ದಾರಿ ಬಿಟ್ಟ.

ಭೀಮಶಿ ಗೋಡೆಯ ಕಡೆ ಮಲಗಿದ್ದ. ಹೆಗಲಿನಿಂದ ಸೊಂಟದತನಕದ ಆ ಗೆರೆ ಕೌದಿಯ ಕೆಳಗೆ ಇಲ್ಲವಾಗಿತ್ತು. ನನ್ನನ್ನು ಕಂಡು ಕಣ್ಣು ಮಾತ್ರ ನಕ್ಕವು. "ಅಣ್ಣಾ, ನಿಮ್ಮವ್ವ ಸಿಟ್ಟಿನಾಕಿ ಅಲ್ಲ. ಗಂಗಾಳದಾಗ ಬಿಟ್ಟರೂ ಬಯ್ಯೂದಿಲ್ಲ." ಆಮೇಲೆ ಮೂಗು ಅರಳಿಸಿದ. "ನಮ್ಮ ಮಣ್ಣ ತಂದೀಯೇನು? ವಾಸನಿ ಬಂತು."

"ತಂದೇನಿ."

"ಒಂದೀಟ ಕೈಯಾಗ ಇಡು."

ಗಂಟು ಬಿಚ್ಚಿದೆ. ಅವನ ಬಲಗೈ ಎತ್ತಿ, ಅಂಗೈ ತುಂಬ ಮಣ್ಣು ಹಾಕಿ, ಬೆರಳು ಒಂದೊಂದಾಗಿ ಮಡಿಚಿ, ಅದರ ಮೇಲೆ ನನ್ನ ಎರಡೂ ಕೈ ಇಟ್ಟು ಗಟ್ಟಿಯಾಗಿ ಅದುಮಿದೆ. ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೊರಗೆ ಮಳೆ ಜೋರಾಯಿತು.

ಭೀಮಶಿ ಮಾಳಿಗೆಯ ಜಂತಿ ನೋಡುತ್ತ ತುಸು ಹೊತ್ತು ಕಾದ. ಆಮೇಲೆ ನನ್ನ ಕಡೆ ಕಣ್ಣು ಹೊರಳಿಸಿ ಕೇಳಿದ:

"ಇಡಪಾ ಅಣ್ಣಾ. ಯಾಕ ತಡಾ ಮಾಡಾಕತ್ತಿ?"